ಕಿಲಿಮಂಜಾರೋಗೆ ಹೊರಟಿದ್ದೀರಾ? ದಿನ ಜಾಸ್ತಿ ಇಟ್ಟುಕೊಳ್ಳಿ

ಶಿವಮೊಗ್ಗದಿಂದ ನಾನು ಮತ್ತು ಭಾವ ಆಫ್ರಿಕಾದ ಕಿಲಿಮಂಜಾರೋ ಬೆಟ್ಟಕ್ಕೆ ಎರಡು ಸಲ ಹೋಗಿ ಬಂದಿದ್ದೇವೆ. ಮೊದಲ ಸಲ ತುದಿ ಮುಟ್ಟಲಿಲ್ಲ. ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ.

ಭಾವ ತೀರ್ಥಹಳ್ಳಿ ಕಡೆಯವರು. ಗುಡ್ಡ ಹತ್ತಿಳಿದು ತೋಟ ಮಾಡುವವರು. ಕೊಡಚಾದ್ರಿ ಹತ್ತುವಾಗ ಅವರ ಹಿಂದೆ ನನಗೆ ಏದುಸಿರು. ಅದೇ ಧೈರ್ಯದಲ್ಲಿ ಕಡಿಮೆ ದುಡ್ಡಿನ 5 ದಿನದ ಮರಾಂಗು ದಾರಿ ಹಿಡಿದೆವು. ಮೂರನೇ ದಿನಕ್ಕೇ 4,720 ಮೀಟರಿನ ಕಿಬೋ ಹಟ್ ಅನ್ನುವ ತಂಗುದಾಣ. ಸಂಜೆ ಭಾವನಿಗೆ ತಲೆ ಸಿಡಿಯುವಷ್ಟು ನೋವು, ವಾಂತಿ. ಎದ್ದು ನಿಂತರೆ ಹೆಜ್ಜೆ ತಪ್ಪುತ್ತಿತ್ತು. ಎತ್ತರದ ಕಾಯಿಲೆಯಲ್ಲಿ ಹೆಜ್ಜೆ ತಪ್ಪುವುದು ಅಪಾಯದ ಲಕ್ಷಣ, ಬೆಳಗಾಗಲಿ ಅಂತ ಕಾಯಬಾರದು. ಗೈಡ್ ಆ ಕತ್ತಲಲ್ಲೇ ಕೆಳಗಿಳಿಸಿದರು. 3,720 ಮೀಟರಿನ ಹೊರೊಂಬೊ ತಂಗುದಾಣ ಮುಟ್ಟುವಷ್ಟರಲ್ಲಿ ಭಾವ ಸರಿಯಾಗಿ ಮಾತಾಡುತ್ತಿದ್ದರು.

ನಮ್ಮ ಮಲೆನಾಡಿನ ಬೆಟ್ಟಗಳು ಕಾಲು ಗಟ್ಟಿ ಮಾಡುತ್ತವೆ, ನಿಜ. ಆದರೆ ಕೊಡಚಾದ್ರಿ 1,343 ಮೀಟರ್. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿಯೂ 2,000 ಮುಟ್ಟುವುದಿಲ್ಲ. ಕಿಲಿಮಂಜಾರೋದ ಉಹುರು ತುದಿ 5,895. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ಅದಕ್ಕೆ ಮೈ ಒಗ್ಗಬೇಕಾದರೆ ದಿನ ಬೇಕು. ಎಷ್ಟೇ ಗಟ್ಟಿಯಾಳಾದರೂ ಅಷ್ಟೇ.

ಎರಡನೇ ಸಲ 8 ದಿನದ ಲೆಮೋಶೋ ದಾರಿ ತೆಗೆದುಕೊಂಡೆವು. ಇದರಲ್ಲಿ ಒಂದು ದಿನ ಸುಮಾರು 4,600 ಮೀಟರಿನ ಲಾವಾ ಟವರ್‌ವರೆಗೆ ಹತ್ತಿಸಿ, ಮಲಗಲು 600 ಮೀಟರಿಗೂ ಜಾಸ್ತಿ ಇಳಿಸಿ ಬರಾಂಕೋ ಕ್ಯಾಂಪಿಗೆ ತರುತ್ತಾರೆ. ಹತ್ತಿದ್ದನ್ನು ಯಾಕೆ ಇಳಿಯಬೇಕು ಅನಿಸುತ್ತದೆ ಅಲ್ವಾ? ಮೈ ಒಗ್ಗುವುದೇ ಹಾಗೆ. ಗೈಡ್‌ಗಳು ದಾರಿಯುದ್ದಕ್ಕೂ 'ಪೋಲೆ ಪೋಲೆ' ಅನ್ನುತ್ತಾರೆ. ಸ್ವಾಹಿಲಿಯಲ್ಲಿ ನಿಧಾನ, ನಿಧಾನ ಅಂತ. ಭಾವ ಈ ಸಲ ಗೈಡ್‌ನ ಹಿಂದೆಯೇ ನಡೆದರು, ಒಮ್ಮೆಯೂ ಮುಂದೆ ಹೋಗಲಿಲ್ಲ.

ಗೈಡ್ ಇಲ್ಲದೆ ಇಲ್ಲಿ ಹತ್ತಲು ಬಿಡುವುದಿಲ್ಲ, ಹಾಗಾಗಿ ಕಂಪನಿ ಆರಿಸುವಾಗ ಅವಸರ ಬೇಡ. ಒಬ್ಬರಿಗೆ ಹುಷಾರಿಲ್ಲದಾದರೆ ಅವರ ಜೊತೆ ಇಳಿಯಲು ಬೇರೆ ಗೈಡ್ ಇರುತ್ತಾರಾ, ಬೆರಳಿಗೆ ಹಾಕಿ ಆಕ್ಸಿಜನ್ ನೋಡುವ ಯಂತ್ರ ದಿನಾ ಬಳಸುತ್ತಾರಾ ಅಂತ ಕೇಳಿ. ಪೋರ್ಟರ್‌ಗಳ ಹೊರೆ 20 ಕಿಲೋ ದಾಟುವುದಿಲ್ಲ ತಾನೇ, ಅವರಿಗೆ ಸರಿಯಾದ ಊಟ ಇದೆಯಾ ಅಂತಲೂ ಕೇಳಿ. ಬೆಲೆ ತೀರಾ ಇಳಿದರೆ ಆ ಹೊಡೆತ ಬೀಳುವುದು ಅವರ ಮೇಲೆ. ವಿಮೆ 6,000 ಮೀಟರ್‌ವರೆಗೆ ಅನ್ವಯಿಸುತ್ತದೆ ಅಂತ ಬರಹದಲ್ಲೇ ಪಡೆಯಿರಿ. ಎತ್ತರದ ಕಾಯಿಲೆಯ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಮೇಲೆ ಹೋದಂತೆ ಹಸಿವು ಸತ್ತುಹೋಗುತ್ತದೆ. ಮನೆಯ ಅಪ್ಪೆಮಿಡಿ ಉಪ್ಪಿನಕಾಯಿ ಇದ್ದಿದ್ದಕ್ಕೆ ನಾಲ್ಕು ತುತ್ತು ಇಳಿಯಿತು. ಕೊನೆಯ ರಾತ್ರಿ ನೀರಿನ ಬಾಟಲಿ ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಮುಚ್ಚಳದ ಕಡೆ ಕುಡಿಯಲು ಉಳಿಯುತ್ತದೆ.

ತುದಿಗೆ ಮುಂಚಿನ ಕೊನೆಯ ಕ್ಯಾಂಪ್ ಬರಾಫುವನ್ನು ನಡುರಾತ್ರಿ ಬಿಟ್ಟೆವು. ಜ್ವಾಲಾಮುಖಿ ಬಾಯಿಯ ಅಂಚಿನ ಸ್ಟೆಲ್ಲಾ ಪಾಯಿಂಟ್‌ನಲ್ಲಿ ಬೆಳಕು ಹರಿಯಿತು. ಉಹುರು ತುದಿಯ ಬೋರ್ಡಿಗೆ ಭಾವ ಹಣೆ ಹಚ್ಚಿ ಸುಮ್ನೆ ನಿಂತರು.

ಆದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಅದೇ ಮಧ್ಯಾಹ್ನ 3,100 ಮೀಟರಿನ ಮ್ವೆಕಾ ಕ್ಯಾಂಪಿಗೆ ಇಳಿಯಬೇಕು. ಬೆನ್ನಿಗೆ ಎಂಟು ಕಿಲೋ ಹೊತ್ತು ವಾರ ವಾರ ಕೊಡಚಾದ್ರಿ ಇಳಿದಿದ್ದು ನನ್ನ ಮೊಣಕಾಲಿಗೆ ಉಪಯೋಗಕ್ಕೆ ಬಂದಿದ್ದು ಅಲ್ಲಿ.