ಮಾಲ್ಟ್‌ನ ಯಾರೂ ತೊಳೆಯಲ್ಲ

ಬೆಂಗಳೂರಿನ ಒಂದು ಸಣ್ಣ ಬ್ರೂ ಪಬ್‌ನಲ್ಲಿ ಬಿಯರ್ ತಯಾರಿಸುವವರ ಕೈಕೆಳಗೆ ಕೆಲಸ ನನ್ನದು. ಒಂದು ಮಳೆಗಾಲ ನಮ್ಮ ಬೇಸ್‌ಮೆಂಟ್ ಸ್ಟೋರಿಗೆ ನೀರು ನುಗ್ಗಿತು. ನೆನೆಯದೆ ಉಳಿದ ನಾಲ್ಕು ಮೂಟೆ ಬಾರ್ಲಿ ಮಾಲ್ಟ್ (ಬಿಯರಿಗೆ ಅಂತ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಕಾಳು), ಮೂಟೆಗೆ 25 ಕಿಲೋ, ನನ್ನ ಬಾಡಿಗೆ ಮನೆಗೆ ಬಂದವು. "ನಿಮ್ಮೂರಲ್ಲಿ ರಾಗಿ ಇಟ್ಟು ಗೊತ್ತಲ್ಲಪ್ಪ, ಇದನ್ನೂ ಇಡು" ಅಂದರು ನಮ್ಮ ಹಿರಿಯರು.

ಗುಜರಿ ಅಂಗಡಿಯಿಂದ 200 ಲೀಟರಿನ ನೀಲಿ ಡ್ರಮ್ ತಂದೆ. ತಳದಲ್ಲಿ ತ್ರಿಕೋನದೊಳಗೆ 2 ಅಂತ ಇತ್ತು, ಅಂದರೆ ಎಚ್‌ಡಿಪಿಇ, ಒಳ್ಳೇ ಪ್ಲಾಸ್ಟಿಕ್ಕು ಅಂತ ಖುಷಿಪಟ್ಟೆ. ಆ ನಂಬರು ಪ್ಲಾಸ್ಟಿಕ್ ಯಾವುದು ಅಂತ ಹೇಳುತ್ತೆ ಅಷ್ಟೆ, ಒಳಗೆ ಮೊದಲು ಏನಿತ್ತು ಅಂತ ಹೇಳಲ್ಲ. ಅದರಲ್ಲಿ ಇದ್ದದ್ದು ಉಪ್ಪಿನಕಾಯಿ! ಸೋಪು ಹಾಕಿ ಉಜ್ಜಿ, ಒರೆಸಿ, ನಾಲ್ಕೂ ಮೂಟೆ ಸುರಿದು ಮುಚ್ಚಿದೆ. ಮೂರು ವಾರ ಬಿಟ್ಟು ಮುಚ್ಚಳ ತೆಗೆದರೆ ಗಮ್ ಅಂತ ಹುಳಿ ವಾಸನೆ, ತಳದಲ್ಲಿ ಉಳಿದಿದ್ದ ತೇವಕ್ಕೆ ಮಾಲ್ಟ್ ಉಂಡೆಗಟ್ಟಿತ್ತು.

ಅಕ್ಕಿಯಾದರೆ ತೊಳೆದು ಬೇಯಿಸಬಹುದಿತ್ತು. ಮಾಲ್ಟ್ ಹಾಗಲ್ಲ, ಮಿಲ್ಲಲ್ಲಿ ಒಡೆದು ನೇರ ಬಿಸಿನೀರಿಗೆ ಹಾಕ್ತೀವಿ, ಡ್ರಮ್ಮಿನ ವಾಸನೆಯೆಲ್ಲ ಗ್ಲಾಸಿಗೇ ಬರುತ್ತೆ. ಊರಿಂದ ಬಂದಿದ್ದ ಅಮ್ಮ "ಬೇವಿನ ಸೊಪ್ಪು ಹಾಕೋ" ಅಂದಿದ್ದಳು. ಅದನ್ನೊಂದು ಹಾಕಲಿಲ್ಲ, ಪುಣ್ಯಕ್ಕೆ. ಬೋರಿಕ್ ಪೌಡರಂತೂ ಬೇಡವೇ ಬೇಡ.

ಈಗ ಹೊಸ 50 ಲೀಟರ್ ಡ್ರಮ್‌ಗಳನ್ನೇ ಕೊಳ್ತೇನೆ, ಒಂದಕ್ಕೆ ಒಂದು ಮೂಟೆ, ಮುಚ್ಚಳಕ್ಕೆ ರಬ್ಬರ್ ರಿಂಗ್ ಇರಲೇಬೇಕು. ತೊಳೆದ ಡ್ರಮ್ಮನ್ನು ಎರಡು ದಿನ ಬೋರಲು ಹಾಕಿ, ಆಮೇಲೆ ಬಿಸಿಲಿಗೆ. ಹಳೇ ಮಾಲ್ಟ್ ಮೇಲೆ ಹೊಸದನ್ನು ಸುರಿಯಲ್ಲ. ತಾರೀಕನ್ನು ಡ್ರಮ್ಮಿನ ಮೈಮೇಲೆ ಬರೀತೇನೆ, ಮುಚ್ಚಳಗಳು ಅದಲುಬದಲಾಗ್ತವೆ ನೋಡಿ.

ಹುಳದ ವಿಷಯ ಬೇರೆ. ರಾಗಿ ಕಾಳು ಸಣ್ಣದು, ಮೂತಿಹುಳಕ್ಕೆ ಒಳಗೆ ಬೆಳೆಯೋಕೆ ಜಾಗವಿಲ್ಲ. ಬಾರ್ಲಿ ಕಾಳಿನೊಳಗೆ ಅದು ಮೊಟ್ಟೆ ಇಟ್ಟಿರುತ್ತೆ, ಸೆಕೆಯಿದ್ದರೆ ಒಂದು ತಿಂಗಳಲ್ಲಿ ಹುಳ ಹೊರಗೆ. ಮೊಟ್ಟೆ ಮೂಟೆಯ ಜೊತೆಗೇ ಬಂದಿದ್ದರೆ ಎಷ್ಟು ಬಿಗಿ ಮುಚ್ಚಿ ಏನು ಪ್ರಯೋಜನ? ಅನುಮಾನ ಬಂದರೆ ಐದೈದು ಕಿಲೋ ಕವರ್ ಮಾಡಿ ಅಡುಗೆಮನೆಯ ಡೀಪ್ ಫ್ರೀಜರಿನಲ್ಲಿ ಒಂದು ವಾರ ಇಡ್ತೇವೆ. ಇಡೀ ಮೂಟೆ ಇಟ್ಟರೆ ನಡುವಿಗೆ ಚಳಿ ತಾಗೋಕೆ ತುಂಬಾ ದಿನ ಬೇಕು. ಹೊರಗೆ ತೆಗೆದ ಮೇಲೆ ಕವರ್ ಬೆವರುತ್ತೆ, ಅದು ರೂಮಿನ ಬಿಸಿಗೆ ಬರೋವರೆಗೆ ಬಿಚ್ಚಬಾರದು.

ಒಡೆದ ಮಾಲ್ಟ್ ಕೂಡಿಡೋಕೆ ಹೋಗಬೇಡಿ, ಬೇಗ ತೇವ ಎಳೆಯುತ್ತೆ. ಇಡೀ ಕಾಳಿಗೆ ಪರೀಕ್ಷೆ ಸುಲಭ: ನಾಲ್ಕು ಬಾಯಿಗೆ ಹಾಕಿ ಕಡೀರಿ. ಕಟುಂ ಅಂದರೆ ಸರಿ, ಮೆತ್ತಗೆ ಜಗಿಯೋ ಹಾಗಿದ್ದರೆ ಕೆಟ್ಟಿತು ಅಂತಲೇ ಲೆಕ್ಕ.

ಆ ಮಾಲ್ಟ್‌ನಲ್ಲಿ ತಳದ ಉಂಡೆ ಎಸೆದೆವು. ಉಳಿದದ್ದನ್ನು, ದಿನಾ ನಮ್ಮಲ್ಲಿಂದ ಬಿಯರಿನ ಚರಟ ಒಯ್ಯುವ ಹಾಲಿನವರೇ ತಗೊಂಡು ಹೋದರು. ಅವರ ಹಸುಗಳಿಗೆ ಉಪ್ಪಿನಕಾಯಿ ವಾಸನೆಯ ತಕರಾರು ಇರಲಿಲ್ಲವಂತೆ.