ಹಿಂಚಕ್ರ ಬದಲಾದರೆ ಮೊದಲು ಕೇಬಲ್ ಬಿಚ್ಚಿ

ಹೊಸ ಹಿಂಚಕ್ರ ಹಾಕಿದ ಮೇಲೆ ಗೇರು ಕಟಕಟ ಎನ್ನತೊಡಗಿದರೆ ಎಲ್ಲರ ಕೈಯೂ ಮೊದಲು ಹೋಗುವುದು ಗೇರು ಕೇಬಲ್ ತುದಿಯಲ್ಲಿ ಅದರ ಬಿಗಿ ಹೊಂದಿಸುವ ಬ್ಯಾರೆಲ್‌ಗೆ. ನನ್ನ ಸೈಕಲ್ಲಿಗೆ ಚಕ್ರ ಹಾಕಿಕೊಟ್ಟ ಅಂಗಡಿಯಾತನೂ ಅದನ್ನೇ ಎರಡು ಸುತ್ತು ತಿರುಗಿಸಿ, "ನಾಲ್ಕು ದಿನ ಓಡಿಸಿ, ತಾನೇ ಕೂಡಿಕೊಳ್ಳುತ್ತದೆ" ಎಂದ. ಕೇಬಲ್ ಹೊಸದಾಗಿದ್ದರೆ ಆ ಮಾತಿಗೆ ಅರ್ಥವಿತ್ತು, ಹೊಸ ಕೇಬಲ್ ಕೂಡಿಕೊಳ್ಳಲು ಸಮಯ ಬೇಕು. ಇಲ್ಲಿ ಕೇಬಲ್ ಹಳೆಯದು, ಚಕ್ರ ಮಾತ್ರ ಹೊಸದು.

ಹಳೆಯ ರಿಮ್ ಸೊಟ್ಟಗಾದದ್ದು ತೋರಣಗಲ್ಲಿನ ದಾರಿಯಲ್ಲಿ, ಅದಿರು ಲಾರಿಗಳು ತೋಡಿಟ್ಟ ಗುಂಡಿಯೊಂದರಲ್ಲಿ. ಹೊಸ ಚಕ್ರದಲ್ಲೂ ಏಳು ಹಲ್ಲುಚಕ್ರಗಳ ಫ್ರೀವೀಲ್ ಇದೆ, ಅಳತೆಯೂ ಅದೇ 14ರಿಂದ 28 ಹಲ್ಲು. ಆದರೆ ಆಕ್ಸಲ್ ಮೇಲಿನ ವಾಷರ್ ಕೊಂಚ ದಪ್ಪ. ಹಾಗಾಗಿ ಇಡೀ ಫ್ರೀವೀಲ್ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಒಳಗೆ, ಕಡ್ಡಿಗಳ ಕಡೆಗೆ ಸರಿದು ಕುಳಿತಿದೆ. ಒಂದು ಮಿಲಿಮೀಟರ್ ಏನು ಮಹಾ ಎನ್ನಬೇಡಿ. ಏಳು ಗೇರಿನ ಫ್ರೀವೀಲಿನಲ್ಲಿ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಇರುವ ದೂರವೇ 5 ಮಿಲಿಮೀಟರ್.

ನಾನು ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಸೂಜಿ ಓರೆಯಾಗಿ ಕುಳಿತಿರುವಾಗ ದಾರದ ಬಿಗಿ ಎಷ್ಟು ತಿರುಗಿಸಿದರೂ ಹೊಲಿಗೆ ಬೀಳುವುದಿಲ್ಲ. ಇದೂ ಅಂಥದ್ದೇ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಎಲ್ಲಿಂದ ಎಲ್ಲಿಯವರೆಗೆ ಚಲಿಸಬೇಕೆಂದು ಮೊದಲು ಗೊತ್ತುಮಾಡಬೇಕು, ಕೇಬಲ್ಲಿನ ಸರದಿ ಆಮೇಲೆ.

ಸೀಟನ್ನು ಡೆನಿಮ್ ಅಂಚಿನ ಪಟ್ಟಿಯಿಂದ ತೊಲೆಗೆ ಕಟ್ಟಿ ಹಿಂಚಕ್ರ ನೆಲ ಬಿಡುವಂತೆ ಮಾಡಿದೆ. ಆಕ್ಸಲ್ ಎರಡೂ ಕಡೆ ಫ್ರೇಮಿನ ಸೀಳಿನೊಳಗೆ ಪೂರ್ತಿ ಕೂತಿದೆಯೇ, ಡಿರೇಲರ್ ತೂಗುವ ಹ್ಯಾಂಗರ್ ಬಾಗಿಲ್ಲವೇ ಎಂದು ಮೊದಲು ನೋಡಬೇಕು. ಅವು ಓರೆಯಾಗಿದ್ದರೆ ಮುಂದಿನದೆಲ್ಲ ವ್ಯರ್ಥ. ಆಮೇಲೆ ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ಇಳಿಸಿ ಕೇಬಲ್ ಬಿಚ್ಚಿಬಿಟ್ಟೆ. ಹಿಂದಿನಿಂದ ನೋಡಿದರೆ ಡಿರೇಲರಿನ ಮೇಲಿನ ಪುಟ್ಟ ಗಾಲಿ ಆ ಹಲ್ಲುಚಕ್ರದ ನೇರಕ್ಕಿಲ್ಲ, ಹೊರಗೆ ಇಣುಕುತ್ತಿತ್ತು. ಡಿರೇಲರ್ ಹೊರಗೆ ಎಷ್ಟು ಸರಿಯಬಹುದೆಂದು ಮಿತಿ ಹಾಕುವ ಎಚ್ ಸ್ಕ್ರೂವನ್ನು ಬಲಕ್ಕೆ ಕಾಲು ಸುತ್ತು, ಮತ್ತೆ ಕಾಲು ಸುತ್ತು ತಿರುಗಿಸಿದಾಗ ಎರಡೂ ಒಂದೇ ಗೆರೆಗೆ ಬಂದವು.

ಇನ್ನೊಂದು ತುದಿಯದು ಎಲ್ ಸ್ಕ್ರೂ, ಡಿರೇಲರ್ ಒಳಗೆ ಕಡ್ಡಿಗಳ ಕಡೆಗೆ ಸರಿಯುವುದಕ್ಕೆ ಮಿತಿ ಹಾಕುವುದು ಇದು. ಡಿರೇಲರನ್ನು ಕೈಯಿಂದಲೇ ಒಳಗೆ ತಳ್ಳಿ ಪೆಡಲ್ ತಿರುಗಿಸಿದೆ. ಚೈನು 28ರ ಹಲ್ಲು ಏರಲು ಒಲ್ಲೆನೆಂದಿತು. ಬ್ಯಾರೆಲ್ ಎಷ್ಟು ತಿರುಗಿಸಿದರೂ ಕೆಲಸ ಆಗದ್ದು ಇದೇ ಕಾರಣಕ್ಕೆ. ಎಲ್ ಸ್ಕ್ರೂ ಅಡ್ಡ ನಿಂತಿರುವಾಗ ಕೇಬಲ್ ಕಿತ್ತುಹೋಗುವಷ್ಟು ಬಿಗಿದರೂ ಚೈನು ದಾಟುವುದಿಲ್ಲ. ಅದನ್ನು ಎಡಕ್ಕೆ ತುಸುತುಸುವೇ ಸಡಿಲಿಸಬೇಕು. ಅತಿಯಾದರೆ ಚೈನು ಕಡ್ಡಿಗಳ ನಡುವೆ ಬೀಳುತ್ತದೆ, ಅದೂ ಅತಿ ಹಗುರ ಗೇರಿಗೆ ಹಾಕಿ ಏರು ಹತ್ತುವಾಗಲೇ. ಸಂಡೂರಿನ ಕುಮಾರಸ್ವಾಮಿ ಬೆಟ್ಟದ ತಿರುವಿನಲ್ಲಿ ಆ ಅನುಭವ ಯಾರಿಗೂ ಬೇಡ.

ಇಷ್ಟಾದ ಮೇಲೆ ಬ್ಯಾರೆಲ್ಲನ್ನು ಪೂರ್ತಿ ಒಳಗೆ ತಿರುಗಿಸಿ, ಒಂದು ಸುತ್ತು ಹೊರಗೆ ತಂದು, ಕೇಬಲ್ ಎಳೆದು ಬಿಗಿದೆ. ಒಂದು ಗೇರು ಒತ್ತಿದಾಗ ದೊಡ್ಡ ಹಲ್ಲುಚಕ್ರಕ್ಕೆ ಏರಲು ತಡವರಿಸಿದರೆ ಹಿಂದಿನಿಂದ ನೋಡುತ್ತ ಬ್ಯಾರೆಲ್ಲನ್ನು ಎಡಕ್ಕೆ, ಇಳಿಯಲು ತಡವರಿಸಿದರೆ ಬಲಕ್ಕೆ ಅರ್ಧ ಸುತ್ತು. ಆದರೆ ನಮ್ಮ ಊರಿನಲ್ಲಿ ಇಳಿಯದಿರುವುದಕ್ಕೆ ಇನ್ನೊಂದು ಕಾರಣವೂ ಉಂಟು. ಕೆಂಪು ಅದಿರು ಧೂಳು ಕೇಬಲ್ ಕವಚದೊಳಗೆ ಸೇರಿ ಎಣ್ಣೆಯೊಂದಿಗೆ ಅಂಟಾಗಿ ಕೇಬಲ್ಲನ್ನು ಹಿಡಿದುಕೊಳ್ಳುತ್ತದೆ. ಡಿರೇಲರಿನ ಬಳಿಯ ಕವಚದ ತುಂಡನ್ನು ಬದಲಿಸಿದೆ, ಅರ್ಧ ತಗಾದೆ ಅಲ್ಲೇ ಮುಗಿಯಿತು.

ಡಿರೇಲರಿನ ಮೇಲಿನ ಗಾಲಿಗೂ ಹಲ್ಲುಚಕ್ರಕ್ಕೂ ನಡುವಿನ ಅಂತರ ಹೊಂದಿಸುವ ಬಿ ಸ್ಕ್ರೂ ಮುಟ್ಟಲಿಲ್ಲ. 34 ಹಲ್ಲಿನ ಫ್ರೀವೀಲ್ ಹಾಕಿದ್ದರೆ ಅದನ್ನೂ ಚೈನಿನ ಉದ್ದವನ್ನೂ ನೋಡಬೇಕಾಗುತ್ತಿತ್ತು. ಚೈನು ಮಾತ್ರ ಹೊಸದು ತರಬೇಕಾಯಿತು. 12 ಅಂಗುಲವಿರಬೇಕಾದ 12 ಜೋಡಿ ಕೊಂಡಿಗಳು ಹಳೆಯದರಲ್ಲಿ ಅಂಗುಲದ ಎಂಟನೇ ಒಂದು ಪಾಲು ಜಗ್ಗಿದ್ದವು. ಅಂಥ ಚೈನು ಹೊಸ ಹಲ್ಲನ್ನೂ ಬೇಗ ಸವೆಸುತ್ತದೆ, ಗೇರು ಎಷ್ಟು ಸರಿಯಿದ್ದರೂ.

ಹಳೆಯ ಚಕ್ರದ ಹಬ್ ಇನ್ನೂ ಗಟ್ಟಿಯಾಗಿದೆ, ಬಿಸಾಡಲು ಮನಸ್ಸಿಲ್ಲ. 36 ತೂತಿನ, 26 ಅಂಗುಲದ ಅಲ್ಯೂಮಿನಿಯಂ ರಿಮ್ ಬಳ್ಳಾರಿಯಲ್ಲೋ ಹೊಸಪೇಟೆಯಲ್ಲೋ ಬಿಡಿಯಾಗಿ ಸಿಗುವ ಕಡೆ ಗೊತ್ತಿದ್ದರೆ ತಿಳಿಸಿ.