ನಕ್ಷೆಯಲ್ಲಿ ಗೆರೆ, ಸುರಂಗದಲ್ಲಿ ನಲವತ್ತು ಮೀಟರ್

ಹಿಮಾಚಲದ ಒಂದು ಸುರಂಗದ ಕೆಲಸಕ್ಕೆ ಜಿಯಾಲಜಿಸ್ಟ್ ಆಗಿ ಬಂದಾಗ, ಕಲ್ಲೆಂದರೆ ನನಗೆ ಗೊತ್ತು ಎಂಬ ಜಂಬ ಇತ್ತು. ಊರು ಸಕಲೇಶಪುರದ ಹತ್ತಿರ. ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲುದಾರಿಯ 57 ಸುರಂಗಗಳನ್ನು ಎಣಿಸುತ್ತ ಬೆಳೆದವನು. ಓದುವಾಗ ಸುತ್ತಿಗೆ ಬಡಿದದ್ದೆಲ್ಲ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಎಂಬ ಪಟ್ಟೆಗಲ್ಲಿನ ಮೇಲೆ. ಬಡಿದರೆ ಖಣಿಲ್ ಎನ್ನುವ ಕಲ್ಲು ಅದು.

ಆದರೆ ನಮ್ಮ ಘಟ್ಟ ಡಿಕ್ಕಿಯಿಂದ ಎದ್ದದ್ದಲ್ಲ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಕಿತ್ತುಕೊಂಡು ಹೋದಾಗ ಉಳಿದ ಅಂಚನ್ನು ಆಮೇಲೆ ಮಳೆ, ಹೊಳೆ ಕೊರೆದವು. ಹಿಮಾಲಯದ ಜಾತಕವೇ ಬೇರೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಫಲಕ ಏಷ್ಯಾಕ್ಕೆ ಗುದ್ದಿತು. ಗುದ್ದಿ ಸುಮ್ಮನಾಗಲಿಲ್ಲ, ಇವತ್ತಿಗೂ ನೂಕುತ್ತಲೇ ಇದೆ. ಆ ನೂಕಿನಲ್ಲಿ ವರ್ಷಕ್ಕೆ 2 ಸೆಂ.ಮೀ.ನಷ್ಟು ಹಿಮಾಲಯದ ಪಾಲಿಗೆ ಬರುತ್ತದೆ.

ಮಲೆನಾಡಿನ ಹೆಂಚಿನ ಮಾಡು ನೆನೆಸಿಕೊಳ್ಳಿ. ಮೇಲಿನ ಹೆಂಚಿನ ತುದಿ ಕೆಳಗಿನದರ ತಲೆಯ ಮೇಲೆ ಕೂರುತ್ತದಲ್ಲ, ಹಾಗೆ ಉತ್ತರದ ಕಲ್ಲಿನ ಹಾಸು ಮುರಿದು, ಜಾರಿ, ದಕ್ಷಿಣದ ಹಾಸಿನ ಮೇಲೆ ಹತ್ತಿ ಕೂತಿದೆ. ಹೀಗೆ ಹತ್ತಿ ಕೂತ ಬಿರುಕಿಗೆ ಥ್ರಸ್ಟ್ ಅನ್ನುತ್ತೇವೆ. ಮೊದಲು ಮುರಿದದ್ದು ಉತ್ತರದ ಮೇನ್ ಸೆಂಟ್ರಲ್ ಥ್ರಸ್ಟ್, ಆಮೇಲೆ ಮೇನ್ ಬೌಂಡರಿ, ಕೊನೆಯದು ದಕ್ಷಿಣದಂಚಿನ ಶಿವಾಲಿಕ್ ಗುಡ್ಡಗಳ ಬುಡದ ಮೇನ್ ಫ್ರಂಟಲ್. ಹಳೆಯ ಕಲ್ಲು ಮೇಲೆ, ಎಳೆಯ ಕಲ್ಲು ಕೆಳಗೆ. ಹಳೆಯದು ಕೆಳಗೆ, ಎಳೆಯದು ಮೇಲೆ ಎಂಬ ಮೊದಲ ವರ್ಷದ ಪಾಠವೇ ತಲೆಕೆಳಗು!

ಇಷ್ಟೆಲ್ಲ ಪುಸ್ತಕದಿಂದ ಗೊತ್ತಿತ್ತು. ಹೆಂಚಿಗೆ ಹೆಂಚು ಉಜ್ಜಿದ ಜಾಗದಲ್ಲಿ ಏನು ಉಳಿಯುತ್ತದೆ ಎಂಬುದು ಗೊತ್ತಿರಲಿಲ್ಲ.

ಅಲ್ಲಿ ಉಳಿಯುವುದು ಹಿಟ್ಟು. ನಾವು ಗೌಜ್ ಅನ್ನುತ್ತೇವೆ. ಒದ್ದೆಯಾದರೆ ಕುಂಬಾರನ ಮಣ್ಣಿನ ಹಾಗೆ ಬೆರಳಿಗೆ ಅಂಟುತ್ತದೆ. ಅದರ ಆಚೆಗೆ ನುಚ್ಚುನೂರಾದ ಕಲ್ಲು, ಆ ಕಲ್ಲಿನ ತುಂಬ ನೀರು. ಗೌಜಿನ ಜೇಡಿಯೇ ಆ ನೀರಿಗೆ ಕಟ್ಟೆ.

ನಮ್ಮ ಫೇಸ್‌ನಲ್ಲಿದ್ದದ್ದು ಗಟ್ಟಿ ಕ್ವಾರ್ಟ್ಜೈಟ್ ಕಲ್ಲು. ಫೇಸ್ ಎಂದರೆ ಸುರಂಗ ತೋಡುತ್ತಿರುವ ಮುಂತುದಿ. ಮುಂದೆ ಒಂದು ಸಣ್ಣ ಥ್ರಸ್ಟ್ ಇದೆಯೆಂದು ನಕ್ಷೆ ತೋರಿಸುತ್ತಿತ್ತು, ಪೆನ್ಸಿಲ್ ಗೆರೆಯಷ್ಟು ತೆಳ್ಳಗೆ. ಇಪ್ಪತ್ತು ವರ್ಷ ಸುರಂಗದಲ್ಲೇ ಕಳೆದ ಫೋರ್‌ಮನ್ ಬಂದು, "ಸಾಬ್, ಪಾನಿ ಮಟ್‌ಮೈಲಾ ಹೋ ರಹಾ ಹೈ" ಅಂದ. ನೋಡಿದೆ. ಕಲ್ಲು ಹಿಡಿದಿಡುವ ಬೋಲ್ಟಿನ ತೂತಿನಿಂದ ಜಿನುಗುತ್ತಿದ್ದ ನೀರು ಸ್ವಲ್ಪ ಮಣ್ಣುಬಣ್ಣಕ್ಕೆ ತಿರುಗಿತ್ತು. ಕಲ್ಲು ಗಟ್ಟಿ ಇದೆಯಲ್ಲ ಎಂದುಕೊಂಡೆ. ಮುಂದಕ್ಕೆ 30 ಮೀಟರ್ ಪ್ರೋಬ್ ಹೋಲ್, ಅಂದರೆ ಮುಂದೇನಿದೆ ಎಂದು ನೋಡುವ ಸಣ್ಣ ತೂತು, ಕೊರೆದರೆ ಅರ್ಧ ಶಿಫ್ಟ್ ಹೋಗುತ್ತದೆ. ಕೊರೆಸದೆ ಬ್ಲಾಸ್ಟಿಗೆ ಸಹಿ ಹಾಕಿದೆ.

ರಾತ್ರಿ ಬ್ಲಾಸ್ಟ್ ಆಗಿ ಸ್ವಲ್ಪ ಹೊತ್ತಿಗೆ ಮೇಲ್ಛಾವಣಿ ಸುರಿಯಿತು. ಬೂದುಬಣ್ಣದ ಕೆಸರು, ಕಲ್ಲು, ನೀರು, ಹದಿನೈದು ಮೀಟರ್ ಹಿಂದಕ್ಕೆ. ಶಿಫ್ಟ್ ಬದಲಾಗುವ ಹೊತ್ತು, ಫೇಸ್ ಹತ್ತಿರ ಯಾರೂ ಇರಲಿಲ್ಲ. ಅದೊಂದು ಪುಣ್ಯ, ಅದರಲ್ಲಿ ನನ್ನ ಜಾಣತನ ಏನೂ ಇಲ್ಲ.

ಆ ಗೆರೆಯ ದಪ್ಪ ನಲವತ್ತು ಮೀಟರ್. ತಲೆಯ ಮೇಲೆ ಕೊಳವೆಗಳ ಸಾಲು ತೂರಿಸಿ ಪೈಪ್ ರೂಫ್ ಹಾಕಿ, ಅರ್ಧರ್ಧ ಮೀಟರ್ ತೋಡಿ ದಾಟಲು ಐದು ತಿಂಗಳು ಹಿಡಿಯಿತು. ರೋಹ್ತಾಂಗ್ ಕೆಳಗಿನ ಅಟಲ್ ಸುರಂಗದಲ್ಲಿ ಸೇರಿ ನಾಲಾ ಎಂಬ ತೊರೆಯ ಕೆಳಗಿನ 600 ಮೀಟರಿಗೂ ಕಡಿಮೆ ದೂರ ವರ್ಷಗಟ್ಟಲೆ ತಿಂದ ಕತೆಯನ್ನು ಮೊದಲೇ ಓದಿದ್ದೆ. ಓದಿದ್ದೆ, ಅಷ್ಟೇ.

ಈಗ ನನ್ನ ಫೇಸ್ ಲಾಗಿನಲ್ಲಿ ಕಲ್ಲಿನ ಹೆಸರಿಗಿಂತ ಮೊದಲು ನೀರಿನ ಬಣ್ಣ ಬರೆಯುತ್ತೇನೆ. ಮುಂದಿನ ಥ್ರಸ್ಟ್ ಇನ್ನು ಎಂಬತ್ತು ಮೀಟರ್ ದೂರದಲ್ಲಿದೆ, ಅಂದರೆ ನಕ್ಷೆಯ ಪ್ರಕಾರ. ನಿನ್ನೆಯಿಂದ ಪ್ರೋಬ್ ಹೋಲ್ ಕೊರೆಯುತ್ತಿದ್ದೇವೆ. ನೀರು ಸದ್ಯಕ್ಕೆ ತಿಳಿಯಾಗಿದೆ.